ಏಳು ಗಂಟೆ ದಾರಿ, ಎರಡು ನಿಮಿಷ ಮಾತು

ಬೆಳಗಿನ ಜಾವ ಐದೂಕಾಲು. ಸರೋವರದ ದಡದ ಬಂದರೂರು ಟ್ಯಾಮರಾಕ್ ಹಾರ್ಬರ್‌ನ ಮುಖ್ಯ ಬೀದಿಯಲ್ಲಿ ದೀಪ ಹತ್ತಿರುವುದು ಒಂದು ಹೋಟೆಲಿನ ಕಿಟಕಿಯಲ್ಲಿ ಮಾತ್ರ. ಒಳಗೆ ಮಾರ್ಲಿಸ್ ಲಾಕ್ಸೊ ಎಡಗೈ ಉದ್ದಕ್ಕೂ ಮೂರು ತಟ್ಟೆ ಜೋಡಿಸಿಕೊಂಡು, ನಾಲ್ಕನೆಯದನ್ನು ಬಲಗೈಯಲ್ಲಿ ಹಿಡಿದು, ಅಡುಗೆಮನೆಯ ಬಾಗಿಲನ್ನು ಸೊಂಟದಿಂದ ತಳ್ಳಿ ಹೊರಬರುತ್ತಾರೆ. ಮೊಟ್ಟೆ, ಹುರಿದ ಆಲೂಗಡ್ಡೆ, ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು. ಹೊರಗೆ ಮೊಣಕಾಲುದ್ದ ಹಿಮ. ರಾತ್ರಿಯಿಡೀ ರಸ್ತೆಯ ಹಿಮ ಗೋರಿ ಬಂದ ವೆಸ್, ಕೌಂಟರಿನ ಎತ್ತರದ ಸ್ಟೂಲಿನ ಮೇಲೆ ಕೋಟು ಬಿಚ್ಚದೆ ಕೂತಿದ್ದಾರೆ.

"ತಿಂಡಿ ರೇಟು ಮತ್ತೆ ಏರಿಸಿದ್ದಾನಂತೆ ನಿಮ್ಮ ಯಜಮಾನ?"

"ಅರವತ್ತು ಸೆಂಟು ಕಣಯ್ಯ. ಅದಕ್ಕೂ ಅಳ್ತೀಯಾ?"

"ಅಳ್ತಿಲ್ಲ, ಕೇಳ್ದೆ ಅಷ್ಟೆ. ಆ ಅರವತ್ತು ಸೆಂಟು ನಿನ್ನ ಕೈಗೇ ಬರುತ್ತಂತೆ, ಹೌದಾ?"

"ಬರುತ್ತೆ. ಅದಕ್ಕೇ ನಿಂಗೆ ಅಂತ ಬಾಣಲೆ ತಳದ ಸೀದ ಆಲೂಗಡ್ಡೆ ಕೆರೆಸಿಕೊಂಡು ಬಂದಿದೀನಿ. ಬೇರೆ ಯಾರಿಗೂ ಕೊಡಲ್ಲ. ಸುಮ್ನೆ ತಿನ್ನು."

ವೆಸ್‌ಗೆ ಸೀದ ಆಲೂಗಡ್ಡೆ ಇಷ್ಟ ಎನ್ನುವುದು ಮಾರ್ಲಿಸ್‌ಗೆ ಗೊತ್ತು. ಬಾಗಿಲ ಬಳಿಯ ಟೇಬಲ್ಲಿನ ದಾದಿ ರಾತ್ರಿಪಾಳಿ ಮುಗಿಸಿ ಬಂದವಳು, ಅವಳಿಗೆ ಮಾತು ಬೇಡ, ಬಿಸಿನೀರು ಬೇಕು ಎನ್ನುವುದೂ ಗೊತ್ತು. ಮೂಲೆಯ ಅಜ್ಜನಿಗೆ ಚಮಚ ಎಡಗಡೆ ಇಡಬೇಕು. ಇವೆಲ್ಲ ಎಲ್ಲೂ ಬರೆದಿಟ್ಟದ್ದಲ್ಲ. ಮೂವತ್ತೇಳು ವರ್ಷದಿಂದ ಒಂದೇ ನೆಲದ ಮೇಲೆ ಓಡಾಡಿದ ಹೆಂಗಸಿನ ತಲೆಯಲ್ಲಿ ತಾವಾಗಿ ಸೇರಿಕೊಂಡವು.

ಫೊಂತಾನ ಹೋಟೆಲಿನಲ್ಲಿ ಹದಿನಾಲ್ಕು ಟೇಬಲ್, ಒಂಬತ್ತು ಸ್ಟೂಲು. ಚಳಿಗಾಲದ ಬೆಳಗ್ಗೆ ಮಾರ್ಲಿಸ್ ತೊಂಬತ್ತು ತಟ್ಟೆ ಹೊರುತ್ತಾರೆ. ಜುಲೈನಲ್ಲಿ ಸರೋವರ ನೋಡುವವರು ಮುತ್ತಿಕೊಂಡಾಗ ಅದು ಇನ್ನೂರೈವತ್ತು ದಾಟುತ್ತದೆ. ಕಾಫಿಯ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಒಮ್ಮೆ ಮಗಳು ಹೆಜ್ಜೆ ಎಣಿಸುವ ಕೈಗಡಿಯಾರ ತಂದುಕೊಟ್ಟಳು. ಮೊದಲ ದಿನವೇ ಅದು ಹನ್ನೊಂದು ಮೈಲಿ ತೋರಿಸಿತು. "ಸುಳ್ಳು ಹೇಳ್ತಿದೆ ಅಂತ ಬಿಚ್ಚಿಟ್ಟುಬಿಟ್ಟೆ. ನಿಜ ಅಂತ ನಂಬಿದ್ರೆ ಅವತ್ತಿಂದಲೇ ಕಾಲು ನೋವು ಶುರುವಾಗ್ತಿತ್ತು" ಎನ್ನುತ್ತಾರೆ ಮಾರ್ಲಿಸ್.

ಅವರಿಗೀಗ ಅರವತ್ತೊಂದು. ತೆಳ್ಳಗಿನ ಮೈ, ಕತ್ತರಿಸಿದ ಬಿಳಿ ಕೂದಲು, ದೊಡ್ಡ ಪಾದ. ತಂದೆ ಇದೇ ಬಂದರಿನಲ್ಲಿ ಹಡಗಿಗೆ ಕಬ್ಬಿಣದ ಅದಿರು ತುಂಬುತ್ತಿದ್ದವರು. ಗಂಡ ಆರ್ಲನ್ ಮರದ ದಿಮ್ಮಿಗಳ ಲಾರಿ ಓಡಿಸುತ್ತಿದ್ದರು. ಬೆನ್ನು ಕೈಕೊಟ್ಟ ಮೇಲೆ ಮನೆಯಲ್ಲೇ ಕೂತು ಮೀನಿನ ಗಾಳಕ್ಕೆ ಬಣ್ಣದ ಪುಕ್ಕ ಕಟ್ಟುತ್ತಾರೆ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಮಾರ್ಲಿಸ್ ಈ ಕೆಲಸಕ್ಕೆ ಸೇರಿದ್ದು ಒಂದು ಬೇಸಿಗೆಯ ಮಟ್ಟಿಗೆ, ಒಂದು ಬಟ್ಟೆ ಒಗೆಯುವ ಯಂತ್ರ ಕೊಳ್ಳಲು. ಯಂತ್ರ ಬಂತು, ಕೆಟ್ಟಿತು, ಇನ್ನೊಂದು ಬಂತು. ಮಾರ್ಲಿಸ್ ಹೋಟೆಲಿನಲ್ಲೇ ಉಳಿದರು.

ಇಷ್ಟು ವರ್ಷ ಬಡಿಸಿದವರು ಈ ರಾಜ್ಯದಲ್ಲಿ ಸಾವಿರಾರು ಜನ ಇದ್ದಾರೆ. ಆದರೆ ಇವತ್ತು ಊರೂರಿನ ಹೋಟೆಲುಗಳಲ್ಲಿ ತಟ್ಟೆ ಹೊರುವ ಹೆಂಗಸರ ಸಂಬಳದ ಚೀಟಿ ನಾಲ್ಕು ವರ್ಷದ ಹಿಂದಿನಂತಿಲ್ಲ. ಅದರಲ್ಲಿ ಮಾರ್ಲಿಸ್ ಲಾಕ್ಸೊ ಎರಡು ನಿಮಿಷ ಆಡಿದ ಮಾತಿನ ಪಾಲೂ ಇದೆ. ಆ ಬದಲಾವಣೆ ತಂದ ಕಾನೂನಿನ ಕಾಗದದಲ್ಲಿ ಎಲ್ಲೂ ಅವರ ಹೆಸರಿಲ್ಲ.

ಮೊದಲು ಕಾನೂನು ಹೀಗಿತ್ತು. ಅಡುಗೆಯವನಿಗೆ, ಪಾತ್ರೆ ತೊಳೆಯುವವನಿಗೆ ಗಂಟೆಗೆ ಹತ್ತು ಡಾಲರ್ ಕನಿಷ್ಠ ಕೂಲಿ ಎಂದಾದರೆ, ಬಡಿಸುವವರಿಗೆ ನಾಲ್ಕಕ್ಕೂ ಕಡಿಮೆ. ಉಳಿದದ್ದು ಗಿರಾಕಿ ಕೊಡುವ ಟಿಪ್ಸಿನಿಂದ ತುಂಬಿಕೊಳ್ಳುತ್ತದೆ ಎಂಬ ಲೆಕ್ಕ. ಜುಲೈನಲ್ಲಿ ತುಂಬಿಕೊಳ್ಳುತ್ತಿತ್ತು, ಕೆಲವೊಮ್ಮೆ ಉಕ್ಕುತ್ತಲೂ ಇತ್ತು. ಫೆಬ್ರವರಿಯಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿದರೆ ಟಿಪ್ಸು ಕೊಡಲು ಗಿರಾಕಿಯೇ ಇಲ್ಲ. ಆದರೂ ಹೋಟೆಲು ತೆರೆದಿರಬೇಕು, ಉಪ್ಪಿನ ಡಬ್ಬಿ ತುಂಬಿಸಬೇಕು, ನೆಲ ಒರೆಸಬೇಕು. ಅದಕ್ಕೆಲ್ಲ ಗಂಟೆಗೆ ಆ ನಾಲ್ಕೇ. ಮೇಲಾಗಿ ಟಿಪ್ಸಿಗೆ ಬೀಳುವ ತೆರಿಗೆಯನ್ನೂ ಆ ಸಣ್ಣ ಸಂಬಳದಿಂದಲೇ ಮುರಿದುಕೊಳ್ಳುತ್ತಾರೆ. ಹಾಗಾಗಿ ಕೆಲವು ವಾರ ಲಕೋಟೆ ಒಡೆದರೆ ಒಳಗೆ ಬರೀ ಸೊನ್ನೆ ಬರೆದ ಚೆಕ್ಕು ಇರುತ್ತಿತ್ತು.

"ಸೊನ್ನೆ ಚೆಕ್ಕಿಗೆ ನಾವು ಹೆಸರಿಟ್ಟಿದ್ವಿ, ಹಿಮದ ಹರಳು ಅಂತ. 'ನಿಂಗೆ ಬಂತಾ ಈ ವಾರ?' ಅಂತ ಕೇಳಿ ನಗ್ತಿದ್ವಿ. ಬೇರೆ ಏನ್ ಮಾಡೋದು?"

ನಾಲ್ಕು ವರ್ಷದ ಹಿಂದಿನ ಫೆಬ್ರವರಿಯಲ್ಲಿ ಐದು ದಿನ ಸತತ ಹಿಮ ಬಿತ್ತು. ಐದು ದಿನದಲ್ಲಿ ಮಾರ್ಲಿಸ್ ಮೂವತ್ತೊಂದು ಜನಕ್ಕೆ ಬಡಿಸಿದರು. ಆ ವಾರದ ಕೊನೆಗೆ ಹಿಂದಿನ ಮೋರಿಯ ಬಳಿ ನೆಲ ಒರೆಸುವ ಬಕೆಟ್ಟಿಗೆ ನೀರು ಹಿಡಿಯುತ್ತ ನಿಂತಿದ್ದರು. ಕೊಳಾಯಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಎದುರಿನ ಗೋಡೆಯ ಮೇಲೆ ಸರ್ಕಾರದ್ದೊಂದು ದೊಡ್ಡ ನೋಟೀಸು, ಉಗಿಗೆ ಸುರುಟಿಕೊಂಡು ಹಳದಿಯಾಗಿತ್ತು. ಪ್ರತಿವರ್ಷ ಅದರ ಮೇಲೆ ಹೊಸದು ಅಂಟಿಸುತ್ತಿದ್ದರು. ಮೂವತ್ಮೂರು ವರ್ಷದಲ್ಲಿ ಒಮ್ಮೆಯೂ ಅದನ್ನು ಓದದ ಮಾರ್ಲಿಸ್, ಬಕೆಟ್ಟು ತುಂಬುವ ತನಕ ಬೇರೆ ಕೆಲಸವಿಲ್ಲದೆ ಓದಿದರು. ಟಿಪ್ಸು ಸೇರಿಸಿಯೂ ಕನಿಷ್ಠ ಕೂಲಿ ಮುಟ್ಟದಿದ್ದರೆ ಆ ಕೊರತೆಯನ್ನು ಹೋಟೆಲಿನ ಮಾಲೀಕ ತುಂಬಿಕೊಡತಕ್ಕದ್ದು ಎಂದು ಅಲ್ಲಿ ಬರೆದಿತ್ತು.

"ಎರಡು ಸಲ ಓದಿದೆ. ಬಕೆಟ್ಟು ತುಂಬಿ ಚೆಲ್ಲಿ ನನ್ನ ಶೂ ಒದ್ದೆ ಆಯ್ತು."

ಒದ್ದೆ ಶೂನಲ್ಲೇ ಅವರು ಆಲ್ಡೊ ಫೊಂತಾನ ಅವರ ಮುಂದೆ ಹೋಗಿ ನಿಂತರು. ಹೋಟೆಲಿನ ಯಜಮಾನ ಆಲ್ಡೊ, ಮಾರ್ಲಿಸ್ ಕೆಲಸಕ್ಕೆ ಸೇರಿದಾಗ ಗಲ್ಲಾಪೆಟ್ಟಿಗೆಯ ಕೆಳಗೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದ ಹುಡುಗ.

"ಆಲ್ಡೊ, ಗೋಡೆ ಮೇಲೆ ಇರೋದು ಓದಿದೀಯಾ?"

"ಯಾವ ಗೋಡೆ?"

"ಮೋರಿ ಹತ್ರದ್ದು. ಎದ್ದು ಬಾ."

ಆಲ್ಡೊ ಎದ್ದುಹೋಗಿ ಓದಿದರು. ಕಿವಿ ಕೆಂಪಾಯಿತು. "ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ ಮಾರ್ಲಿಸ್. ಅಪ್ಪನ ಕಾಲದಿಂದ ಹೀಗೇ ನಡ್ಕೊಂಡು ಬಂದಿದೆ. ಯಾರೂ ಕೇಳಿರಲಿಲ್ಲ."

"ಈಗ ಕೇಳ್ತಿದೀನಿ."

ಆ ವಾರದ ಕೊರತೆಯನ್ನು ಆಲ್ಡೊ ತುಂಬಿಕೊಟ್ಟರು, ಹಿಂದಿನ ಎರಡು ಚಳಿಗಾಲದ್ದನ್ನೂ ಕೊಟ್ಟರು. ಖುಷಿಯಿಂದ ಕೊಟ್ಟರೆಂದು ಹೇಳಲಾಗದು. ಆದರೆ ಮಾರ್ಲಿಸ್‌ಗೆ ಅಷ್ಟಕ್ಕೆ ನೆಮ್ಮದಿಯಾಗಲಿಲ್ಲ. ಕೇಳಿದರೆ ಕೊಡುತ್ತಾರೆ ಸರಿ, ಆದರೆ ಕೇಳುವವರು ಯಾರು? ಪಕ್ಕದೂರಿನ ಹೋಟೆಲಿನಲ್ಲಿ ಒಬ್ಬಳು ಕೇಳಿದಳು. ಮುಂದಿನ ವಾರ ಅವಳಿಗೆ ಒಂದು ದಿನದ ಕೆಲಸ ಮಾತ್ರ ಸಿಕ್ಕಿತು.

ಆ ವರ್ಷ ನವೆಂಬರಿನಲ್ಲಿ ದಕ್ಷಿಣದ ಊರುಗಳಿಂದ ಕೆಲವು ಕೆಲಸಗಾರರು ಸಹಿ ಸಂಗ್ರಹದ ಕಾಗದ ಹಿಡಿದು ಬಂದರು. ರಾಜ್ಯದ ಕನಿಷ್ಠ ಕೂಲಿ ಏರಬೇಕು, ಬಡಿಸುವವರಿಗೆ ಬೇರೆ, ಕಡಿಮೆ ಕೂಲಿ ಎನ್ನುವುದು ಹೋಗಬೇಕು ಎನ್ನುವುದು ಅವರ ಬೇಡಿಕೆ. ಸಾಕಷ್ಟು ಸಹಿ ಬಿದ್ದರೆ ಶಾಸನಸಭೆ ಅದನ್ನು ಚರ್ಚೆಗೆ ಎತ್ತಿಕೊಳ್ಳಲೇಬೇಕು. ಮಾರ್ಲಿಸ್ ಇಪ್ಪತ್ತು ಹಾಳೆ ಇಸಿದುಕೊಂಡರು.

ಕೆಲಸ ಮುಗಿಸಿ ಮಧ್ಯಾಹ್ನದ ಹೊತ್ತು ಕಬ್ಬಿಣದ ಅಂಗಡಿಯ ಮುಂದೆ ನಿಂತರು. ಬಾಸ್ಕೆಟ್‌ಬಾಲ್ ಪಂದ್ಯದ ಬಾಗಿಲಲ್ಲಿ ನಿಂತರು. ಜನವರಿಯಲ್ಲಿ ಗಂಡಸರೆಲ್ಲ ಹೆಪ್ಪುಗಟ್ಟಿದ ಸರೋವರದ ಮೇಲೆ ಸಣ್ಣ ಸಣ್ಣ ಗುಡಿಸಲು ಇಟ್ಟುಕೊಂಡು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯಲು ಕೂರುತ್ತಾರೆ. ಮಾರ್ಲಿಸ್ ಅಲ್ಲಿಗೂ ನಡೆದರು. ಗುಡಿಸಲಿನಿಂದ ಗುಡಿಸಲಿಗೆ ಹೋಗುವಷ್ಟರಲ್ಲಿ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತಿತ್ತು. ಅದನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿ ಕೊಡುತ್ತಿದ್ದರು.

"ಕೆಲವರು 'ಪೆನ್ನು ಎಲ್ಲಿಂದ ತೆಗ್ದೆ ಅಂತ ನೋಡ್ದೆ, ನಾ ಮುಟ್ಟಲ್ಲ' ಅಂದ್ರು. ಆಮೇಲೆ ಸಹಿ ಹಾಕಿದ್ರು. ಮೀನು ಕಚ್ಚದೆ ಬೇಜಾರಾಗಿ ಕೂತಿರ್ತಾರಲ್ಲ, ಮಾತಾಡೋಕೆ ಯಾರಾದ್ರೂ ಬಂದ್ರೆ ಸಾಕು ಅವರಿಗೆ."

ನಾನೂರ ಹನ್ನೆರಡು ಸಹಿ ಬಿತ್ತು. ಬೀಳದ ಒಂದು ಸಹಿ ಮಾತ್ರ ಅವರನ್ನು ನೋಯಿಸಿತು.

ಟ್ರೂಡಿ ಬೊಷಾಂ ಅದೇ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಸಂಜೆಯ ಪಾಳಿಯಲ್ಲಿ ಬಡಿಸುವವರು. ಮಾರ್ಲಿಸ್‌ಗಿಂತ ಹದಿನೈದು ವರ್ಷ ಚಿಕ್ಕವರು. ಒಬ್ಬರ ಪಾಳಿ ಮುಗಿದು ಇನ್ನೊಬ್ಬರದು ಶುರುವಾಗುವ ಅರ್ಧ ಗಂಟೆಯಲ್ಲಿ ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂತು ಚಮಚ ಫೋರ್ಕುಗಳನ್ನು ಕಾಗದದ ಕರವಸ್ತ್ರದಲ್ಲಿ ಸುತ್ತುತ್ತ ಊರಿನ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದರು. ಟ್ರೂಡಿಗೆ ಇಬ್ಬರು ಮಕ್ಕಳು, ಶನಿವಾರ ಸಂಜೆಯ ಟಿಪ್ಸೇ ಸಂಸಾರಕ್ಕೆ ಆಧಾರ. ಮಾರ್ಲಿಸ್ ಹಾಳೆ ಮುಂದಿಟ್ಟಾಗ ಅವರು ಅದನ್ನು ಒಂದೇ ಬೆರಳಿನಿಂದ ವಾಪಸ್ ತಳ್ಳಿದರು.

"ಗಿರಾಕಿ ಏನಂತಾನೆ ಗೊತ್ತಾ? 'ಓಹೋ, ನಿಮಗೀಗ ಪೂರ್ತಿ ಸಂಬಳ ಇದೆಯಲ್ಲ' ಅಂತ ಪರ್ಸು ಜೇಬಿಗಿಟ್ಕೊಂಡು ಎದ್ದು ಹೋಗ್ತಾನೆ. ನನ್ನ ಶನಿವಾರ ಹೋಯ್ತು ಅಂದ್ರೆ ನನ್ನ ತಿಂಗಳೇ ಹೋಯ್ತು."

"ಹಾಗಾಗಲ್ಲ ಕಣೇ."

"ನಿಂಗೆ ಹೆಂಗ್ ಗೊತ್ತು? ನಿನ್ನ ಮಗಳು ದುಡೀತಾಳೆ. ನನ್ನ ಹೊಟ್ಟೆ ಮೇಲೆ ಹೊಡೆದು ನೀನು ಒಳ್ಳೇವಳಾಗಬೇಡ."

ಅಲ್ಲಿಗೆ ಮಾತು ನಿಂತಿತು. ನವೆಂಬರಿನಿಂದ ಮಾರ್ಚಿನವರೆಗೆ ಇಬ್ಬರೂ ಬೇರೆ ಬೇರೆ ಟೇಬಲ್ಲಿನಲ್ಲಿ, ಬೆನ್ನಿಗೆ ಬೆನ್ನು ಹಾಕಿ ಚಮಚ ಸುತ್ತಿದರು. ಕೆಚಪ್ ಬಾಟಲಿ ಬೇಕಾದರೂ ಅಡುಗೆಯವನ ಮೂಲಕ ಕೇಳಿದರು. "ಆ ಚಳಿಗಾಲದಷ್ಟು ಚಳಿ ನಾನು ಕಂಡಿಲ್ಲ" ಎಂದು ಆಲ್ಡೊ ಈಗಲೂ ಹೇಳುತ್ತಾರೆ.

ಮಾರ್ಚಿನಲ್ಲಿ ಶಾಸನಸಭೆಯ ಸಮಿತಿ ಜನರ ಮಾತು ಕೇಳಲು ದಿನ ಗೊತ್ತುಮಾಡಿತು. ಒಬ್ಬೊಬ್ಬರಿಗೆ ಎರಡು ನಿಮಿಷ. ಮಾರ್ಲಿಸ್ ಹೆಸರು ಕೊಟ್ಟರು. ವಿರುದ್ಧವಾಗಿ ಮಾತಾಡಲು ಹೋಟೆಲ್ ಮಾಲೀಕರು ಕೆಲಸಗಾರರನ್ನು ಹುಡುಕುತ್ತಿದ್ದರು. ಅದಕ್ಕೆ ಟ್ರೂಡಿ ತಾವಾಗಿ ಹೆಸರು ಕೊಟ್ಟರು. ರಾಜಧಾನಿ ಏಳು ಗಂಟೆ ದಾರಿ. ಮಾರ್ಲಿಸ್ ಮನೆಯ ಹಳೆಯ ಪಿಕಪ್ ಗಾಡಿ ಊರಿನ ಗಡಿ ದಾಟುವುದೇ ಅನುಮಾನ. ಟ್ರೂಡಿಯ ಕಾರು ಗಟ್ಟಿಯಾಗಿತ್ತು, ಆದರೆ ಪೆಟ್ರೋಲಿಗೆ ದುಡ್ಡು ಸಾಲುತ್ತಿರಲಿಲ್ಲ. ಕೊನೆಗೆ ಆಲ್ಡೊ ಮಧ್ಯೆ ಬಂದರು.

"ಹೋಗೋದು ಒಂದೇ ಊರು, ಒಂದೇ ದಿನ, ಒಂದೇ ಕೋಣೆ. ಎರಡು ಕಾರು ಯಾತಕ್ಕೆ? ಪೆಟ್ರೋಲ್ ನಾನು ಹಾಕಿಸ್ತೀನಿ. ಒಬ್ಬಳು ನನ್ನ ಪರ, ಒಬ್ಬಳು ನನ್ನ ವಿರುದ್ಧ. ಹೆಂಗೂ ಸಮ ಆಗುತ್ತೆ."

ಅವರೇ ಮಾಂಸ, ಆಲೂಗಡ್ಡೆ ತುಂಬಿದ, ಕರಿಗಡುಬಿನ ಆಕಾರದ ನಾಲ್ಕು ಪ್ಯಾಸ್ಟಿಗಳನ್ನು ಕಾಗದದಲ್ಲಿ ಸುತ್ತಿ ಹಿಂದಿನ ಸೀಟಿನ ಮೇಲೆ ಇಟ್ಟರು. ಇಬ್ಬರು ಹೆಂಗಸರು ಸಮಿತಿಯ ಸಭೆಯ ಹಿಂದಿನ ದಿನ ಬೆಳಗ್ಗೆ ಹೊರಟರು. ಮೊದಲ ಎರಡೂವರೆ ಗಂಟೆ ಕಾರಿನಲ್ಲಿ ಮಾತಾಡಿದ್ದು ರೇಡಿಯೋ ಒಂದೇ.

ಎರಡು ಸರೋವರಗಳ ನಡುವೆ ದೊಡ್ಡ ಸೇತುವೆ ಬಂತು. ಗಾಳಿ ಜೋರಾಗಿತ್ತು. ಸುಂಕದ ಗೇಟಿಗಿಂತ ಮುಂಚೆ ಟ್ರೂಡಿ ಕಾರನ್ನು ರಸ್ತೆ ಪಕ್ಕಕ್ಕೆ ಎಳೆದು ನಿಲ್ಲಿಸಿಬಿಟ್ಟರು.

"ಏನಾಯ್ತೇ?"

ಟ್ರೂಡಿ ಇಂಜಿನ್ ಆರಿಸಿದರು.

"ಟ್ರೂಡಿ, ಏನಾಯ್ತು ಹೇಳು."

"ನಂಗೆ ಸೇತುವೆ ಆಗಲ್ಲ. ಚಿಕ್ಕೋಳಿದ್ದಾಗಿಂದ ಆಗಲ್ಲ. ಯಾವಾಗ್ಲೂ ಗಂಡ ಓಡಿಸ್ತಿದ್ದ."

"ಮತ್ತೆ ಹೊರಡೋವಾಗ ಹೇಳಬಾರದಿತ್ತಾ?"

"ನಿನ್ನ ಜೊತೆ ಮಾತು ಬಿಟ್ಟಿದ್ನಲ್ಲ!"

ಮಾರ್ಲಿಸ್ ಕಾರಿನಿಂದಿಳಿದು, ಗಾಳಿಗೆ ಎದುರಾಗಿ ಸುತ್ತಿ ಬಂದು, ಸ್ಟೀರಿಂಗ್ ಹಿಡಿದರು. ಐದು ಮೈಲಿ ಉದ್ದಕ್ಕೂ ಟ್ರೂಡಿ ಕಣ್ಣು ಮುಚ್ಚಿ, ಮಾರ್ಲಿಸ್‌ರ ಕೋಟಿನ ತೋಳನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಮಾರ್ಲಿಸ್ ಒಂದೇ ಸಮನೆ ಮಾತಾಡಿದರು: ಈಗ ಕಾಲು ಭಾಗ ಆಯ್ತು, ಈಗ ಕೆಳಗೊಂದು ಹಡಗು ಹೋಗ್ತಿದೆ, ಈಗ ಮುಕ್ಕಾಲು ಆಯ್ತು, ಇನ್ನೇನು ಮರ ಕಾಣ್ತಿದೆ. ಆಚೆ ದಡ ಮುಟ್ಟಿದ ಮೇಲೆ ಟ್ರೂಡಿ ಕಣ್ಣು ಬಿಟ್ಟು, "ಕೆಳಗೆ ಹಡಗು ನಿಜವಾಗ್ಲೂ ಇತ್ತಾ?" ಎಂದರು.

"ಮಾರ್ಚಿನಲ್ಲಿ ಎಲ್ಲಿ ಹಡಗು ಬರುತ್ತೇ, ಪೆದ್ದಿ? ಪೂರಾ ಮಂಜುಗಡ್ಡೆ."

ಇಬ್ಬರಿಗೂ ನಗು ಉಕ್ಕಿತು. ಪ್ಯಾಸ್ಟಿ ಬಿಚ್ಚಿ ತಿಂದರು. ಆಮೇಲೆ ನಾಲ್ಕು ಗಂಟೆ ಕಾಲ, ನವೆಂಬರಿನಿಂದ ಬಾಕಿಯಿದ್ದ ಜಗಳವನ್ನೆಲ್ಲ ಮನಸಾರೆ ಆಡಿದರು. ಯಾರೂ ಸೋಲಲಿಲ್ಲ.

ಮರುದಿನ ಸಮಿತಿಯ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಜನ. ಮಾರ್ಲಿಸ್‌ರ ಸರದಿ ಬಂದದ್ದು ಹನ್ನೊಂದು ಗಂಟೆಗೆ. ಬರೆದುಕೊಂಡು ಹೋದ ಕಾಗದದಲ್ಲಿ ಸೊನ್ನೆ ಚೆಕ್ಕಿನ ವಿಷಯವಿತ್ತು, ಗೋಡೆಯ ನೋಟೀಸಿನ ವಿಷಯವಿತ್ತು. ಅವರಿಗಿಂತ ಮುಂಚೆ ಮಾತಾಡಿದ ಆರು ಮಂದಿ ಅದನ್ನೇ ಹೇಳಿ ಮುಗಿಸಿದ್ದರು. ಮೈಕಿನ ಮುಂದೆ ಕೂತ ಮಾರ್ಲಿಸ್ ಕಾಗದವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಗಂಡನಿಗೂ ಹೇಳಿರದ ಒಂದು ವಿಷಯ ಬಾಯಿಗೆ ಬಂತು.

"ನಾನು ಮೊದಲು ಸಂಜೆ ಪಾಳಿ ಮಾಡ್ತಿದ್ದೆ. ಆರನೇ ನಂಬರಿನ ಟೇಬಲ್ಲಿಗೆ ಪ್ರತಿ ಗುರುವಾರ ಒಬ್ಬ ಮನುಷ್ಯ ಊಟಕ್ಕೆ ಬರ್ತಿದ್ದ. ಊರಲ್ಲಿ ಒಳ್ಳೆ ಹೆಸರಿದ್ದೋನು. ನಾನು ಕಾಫಿ ಹಾಕೋಕೆ ಬಗ್ಗಿದಾಗ ಅವನ ಕೈ ನನ್ನ ಮೈ ಮೇಲೆ ಇರ್ತಿತ್ತು. ಎಲ್ಲರಿಗಿಂತ ಜಾಸ್ತಿ ಟಿಪ್ಸ್ ಇಡ್ತಿದ್ದೋನೂ ಅವನೇ. ಆ ದುಡ್ಡಲ್ಲಿ ನನ್ನ ಮಗಳಿಗೆ ಚಳಿಗಾಲದ ಬೂಟು ಬರ್ತಿತ್ತು. ನಾನು ಅವನ ಕೈ ತಳ್ಳಿದ್ರೆ ಬೂಟು ಬರ್ತಿರಲಿಲ್ಲ. ಹನ್ನೊಂದು ವರ್ಷ ತಳ್ಳಲಿಲ್ಲ. ನಮ್ಮ ಹೋಟೆಲಿನ ಯಜಮಾನರು ಕೆಟ್ಟೋರಲ್ಲ ಸ್ವಾಮಿ. ಆದ್ರೆ ನನ್ನ ಸಂಬಳ ಕೊಡ್ತಿದ್ದದ್ದು ನನ್ನ ಯಜಮಾನರಲ್ಲ, ಆ ಮನುಷ್ಯ. ನನ್ನ ಸಂಬಳ ನನ್ನ ಯಜಮಾನರೇ ಕೊಡೋ ಹಾಗೆ ಮಾಡಿ. ಅಷ್ಟೇ ನಾನು ಕೇಳೋದು."

ಗಂಟೆ ಬಾರಿಸುವ ಮೊದಲೇ ಅವರು ಎದ್ದರು.

ಅದಾಗಿ ನಾಲ್ಕು ಜನರ ನಂತರ ಟ್ರೂಡಿಯ ಹೆಸರು ಕೂಗಿದರು. ಅವರು ಮೈಕಿನ ಮುಂದೆ ಬಂದು ಕೂತರು.

"ನಾನು ಈ ಕಾನೂನು ಬೇಡ ಅನ್ನೋಕೆ ಬಂದೋಳು. ಟಿಪ್ಸ್ ನಿಂತುಹೋದ್ರೆ ಅನ್ನೋ ಭಯ ಈಗಲೂ ಇದೆ, ಸುಳ್ಳು ಹೇಳಲ್ಲ. ಆದ್ರೆ ಆರನೇ ಟೇಬಲ್ ಕಥೆ ಕೇಳಿದ್ರಲ್ಲ, ಇವಳು ಬೆಳಗಿನ ಪಾಳಿಗೆ ಹೋದ ಮೇಲೆ ಆ ಟೇಬಲ್ ನಂಗೆ ಬಂತು. ಆ ಮನುಷ್ಯನೂ ಬಂದ. ನಂಗೊಬ್ಬಳಿಗೇ ಹೀಗೆ ಅಂದ್ಕೊಂಡಿದ್ದೆ. ಕೂಲಿ ಏರಿಸಿ. ಒಂದೇ ಸಲ ಬೇಡ, ನಿಧಾನವಾಗಿ ಏರಿಸಿ, ಹೋಟೆಲುಗಳು ಉಸಿರಾಡ್ಕೊಳ್ಳಲಿ. ಮತ್ತೆ ಟಿಪ್ಸು ಕೆಲಸದವರದ್ದೇ, ಯಜಮಾನ ಮುಟ್ಟೋ ಹಾಗಿಲ್ಲ ಅಂತ ಗಟ್ಟಿಯಾಗಿ ಬರೀರಿ."

ಟ್ರೂಡಿಯನ್ನು ಕರೆಸಿದ್ದ ಹೋಟೆಲ್ ಮಾಲೀಕರು ಅವರ ಮುಖ ನೋಡದೆ ಹೊರಗೆ ಹೋದರು. ವಾಪಸ್ ಬರುವಾಗ ಸೇತುವೆಯ ಹತ್ತಿರ ಇಬ್ಬರೂ ಮತ್ತೆ ಜಾಗ ಬದಲಾಯಿಸಿಕೊಂಡರು.

"ನಾನು ಪಾಳಿ ಬದಲಾಯಿಸಿಕೊಂಡಾಗ ನಿಂಗೆ ಹೇಳಬೇಕಿತ್ತು ಕಣೇ" ಎಂದರು ಮಾರ್ಲಿಸ್. "ಮೊಣಕಾಲು ನೋವು ಅಂತ ಎಲ್ಲರಿಗೂ ಸುಳ್ಳು ಹೇಳಿ, ಆ ಟೇಬಲ್ನ ನಿನ್ನ ತಲೆ ಮೇಲೆ ಹಾಕಿ ಹೋದೆ."

"ಹೇಳಿದ್ರೆ ತಾನೆ ನಾನೇನ್ ಮಾಡ್ತಿದ್ದೆ? ಅದೇ ಟೇಬಲ್ಲು, ಅದೇ ಮನೆಬಾಡಿಗೆ." ಟ್ರೂಡಿಯೇ ಮುಂದುವರಿಸಿದರು: "ಆದ್ರೂ ಹೇಳಿದ್ದಿದ್ರೆ ಚೆನ್ನಾಗಿರ್ತಿತ್ತು. ಇಬ್ಬರೂ ಸೇರಿ ಬೈಬಹುದಿತ್ತು."

ಸಮಿತಿಯ ಕಲಾಪವನ್ನು ಆರ್ಲನ್ ಮನೆಯಲ್ಲಿ ಕಂಪ್ಯೂಟರಿನಲ್ಲಿ ನೋಡಿದ್ದರು. ಮಾರ್ಲಿಸ್ ಮನೆಗೆ ಬಂದಾಗ ಅವರು ಬಿಸಿ ಸೂಪು ಬಡಿಸಿದರು. ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಮಾರ್ಲಿಸ್ ಬಾಗಿಲು ತೆಗೆದರೆ, ಬೆನ್ನು ನೋವಿನ ಮನುಷ್ಯ ಗಾಡಿಯ ಗಾಜಿನ ಮೇಲಿನ ಮಂಜು ಕೆರೆದು, ಇಂಜಿನ್ ಬಿಸಿ ಮಾಡಿ ಕೂತಿದ್ದರು. ಅಂದಿನಿಂದ ಇಂದಿನವರೆಗೆ ಹೋಟೆಲಿಗೆ ಅವರೇ ಬಿಡುತ್ತಾರೆ. "ಯಾಕೆ ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ" ಎನ್ನುತ್ತಾರೆ ಮಾರ್ಲಿಸ್. "ಗೊತ್ತಿರೋದನ್ನ ಕೇಳೋದೇನು?"

ಮುಂದಿನ ವರ್ಷ ಕಾನೂನು ಬಂತು. ಕೇಳಿದ್ದೆಲ್ಲ ಸಿಗಲಿಲ್ಲ. ಬಡಿಸುವವರ ಕೂಲಿ ಆರು ವರ್ಷದಲ್ಲಿ, ಒಂದೊಂದೇ ಮೆಟ್ಟಿಲು ಏರಿ, ಉಳಿದವರ ಕೂಲಿಗೆ ಸಮನಾಗಬೇಕು. ಟಿಪ್ಸು ಕೆಲಸಗಾರರದ್ದೇ, ಅವರು ಒಪ್ಪಿದರೆ ಅಡುಗೆಮನೆಯವರ ಜೊತೆ ಹಂಚಿಕೊಳ್ಳಬಹುದು, ಮಾಲೀಕ ಕೈ ಹಾಕುವಂತಿಲ್ಲ. ಈಗ ಎರಡನೆಯ ಮೆಟ್ಟಿಲು ದಾಟಿದೆ.

ಆಲ್ಡೊ ನಕ್ಕು ಒಪ್ಪಿಕೊಳ್ಳುತ್ತಾರೆ: "ಹೋಟೆಲು ಮುಚ್ಚಿಹೋಗುತ್ತೆ ಅಂತ ಊರೆಲ್ಲ ಸಾರಿದ್ದೆ. ಸೋಮವಾರ ಸಂಜೆ ಮುಚ್ಚಿದೆ, ಅಷ್ಟೆ. ತಿಂಡಿ ರೇಟು ಏರಿಸಿದೆ, ಜನ ಗೊಣಗಿದ್ರು, ಬಂದ್ರು." ಎಲ್ಲ ಕಡೆಯೂ ಹೀಗೇ ಆಗಿಲ್ಲ. ಪಕ್ಕದೂರಿನ ಒಂದು ಹೋಟೆಲು ಬಡಿಸುವವರನ್ನೇ ತೆಗೆದು, ಗಿರಾಕಿಗಳು ಕೌಂಟರಿನಲ್ಲೇ ತಟ್ಟೆ ಇಸಿದುಕೊಳ್ಳುವ ಏರ್ಪಾಡು ಮಾಡಿತು. ಅಲ್ಲಿ ಕೆಲಸ ಕಳೆದುಕೊಂಡ ಇಬ್ಬರಲ್ಲಿ ಒಬ್ಬಳನ್ನು ಮಾರ್ಲಿಸ್ ಹಠ ಹಿಡಿದು ಇಲ್ಲಿಗೆ ಸೇರಿಸಿದರು. ಇನ್ನೊಬ್ಬಳು ಊರು ಬಿಟ್ಟಳು. ಅವಳ ಮಾತು ಬಂದರೆ ಮಾರ್ಲಿಸ್ ಎದ್ದು, ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತಾರೆ.

ಟ್ರೂಡಿಯ ಶನಿವಾರದ ಟಿಪ್ಸು ಸ್ವಲ್ಪ ಇಳಿದಿದೆ. ಚಳಿಗಾಲದ ಸಂಬಳ ಅದಕ್ಕಿಂತ ಜಾಸ್ತಿ ಏರಿದೆ. ಪಾಳಿ ಬದಲಾಗುವ ಅರ್ಧ ಗಂಟೆಯಲ್ಲಿ ಇಬ್ಬರೂ ಮತ್ತೆ ಒಂದೇ ಟೇಬಲ್ಲಿನಲ್ಲಿ ಚಮಚ ಸುತ್ತುತ್ತಾರೆ.

"ನಾನು ಹೇಳಿದ್ದೂ ನಿಜ ಆಯ್ತು, ಇವಳು ಹೇಳಿದ್ದೂ ನಿಜ ಆಯ್ತು" ಎಂದು ಟ್ರೂಡಿ ದೂರುತ್ತಾರೆ. "ನಾಲ್ಕು ತಿಂಗಳು ಮಾತು ಬಿಟ್ಟಿದ್ದು ದಂಡ."

"ಆ ನಾಲ್ಕು ತಿಂಗಳು ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ!" ಎನ್ನುತ್ತಾರೆ ಮಾರ್ಲಿಸ್.

ದೊಡ್ಡ ಬದಲಾವಣೆ ಏನೂ ಕಣ್ಣಿಗೆ ಕಾಣುವುದಿಲ್ಲ. ಮಾರ್ಲಿಸ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾರೆ. ಈ ಜನವರಿಯಲ್ಲಿ ಜ್ವರ ಬಂದಾಗ ಮೂರು ದಿನ ರಜೆ ಹಾಕಿ ಮಲಗಿದರು, ಮೂವತ್ತೇಳು ವರ್ಷದಲ್ಲಿ ಮೊದಲ ಸಲ. ಎರಡನೆಯ ದಿನ ಆಲ್ಡೊ ಫೋನ್ ಮಾಡಿ, ಮೂಲೆಯ ಅಜ್ಜನ ಚಮಚ ಯಾವ ಕಡೆ ಇಡಬೇಕು, ಅವರು ಸಿಟ್ಟಾಗಿದ್ದಾರೆ ಎಂದು ಕೇಳಿದರು. ಇನ್ನು ನಾಲ್ಕು ವರ್ಷ ಕೆಲಸ ಮಾಡುವ ಆಸೆ ಅವರಿಗಿದೆ. ಕೊನೆಯ ಮೆಟ್ಟಿಲು ಏರುವ ವರ್ಷ ತಾವು ಈ ನೆಲದ ಮೇಲೇ ಇರಬೇಕು, ಆ ಸಂಬಳದ ಲಕೋಟೆಯನ್ನು ಒಂದು ಸಲವಾದರೂ ತಮ್ಮ ಕೈಯಿಂದ ಒಡೆಯಬೇಕು ಎನ್ನುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ತಿಂಡಿಯ ಗಲಾಟೆ ಇಳಿಯುತ್ತದೆ. ಮಾರ್ಲಿಸ್ ಬಿಸಿ ಕಾಫಿ ತುಂಬಿಕೊಂಡು ಕಿಟಕಿಯ ಪಕ್ಕ ಎರಡು ನಿಮಿಷ ಕೂರುತ್ತಾರೆ. ಇಷ್ಟೆಲ್ಲ ಆದ ಮೇಲೆ ಕೆಲಸದಲ್ಲಿ ಏನು ಬದಲಾಯಿತು ಎಂದು ಯಾರಾದರೂ ಕೇಳಿದರೆ, ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತ ಯೋಚಿಸುತ್ತಾರೆ.

"ಮೊದಲು ಎಲ್ಲರನ್ನೂ ನೋಡಿ ನಗ್ತಿದ್ದೆ. ನಗು ಅನ್ನೋದು ಕೆಲಸದ ಒಂದು ಭಾಗ ಆಗಿತ್ತು, ಈ ಏಪ್ರನ್ ಥರ. ಈಗ ನಗು ಬಂದಾಗ ಮಾತ್ರ ನಗ್ತೀನಿ." ಅಷ್ಟರಲ್ಲಿ ಬಾಗಿಲು ತೆರೆದು ಯಾರೋ ಬೂಟಿನ ಹಿಮ ಕೊಡವುತ್ತಾರೆ. ಮಾರ್ಲಿಸ್ ಎದ್ದು ನಿಂತು ಏಪ್ರನ್ ಸರಿಮಾಡಿಕೊಳ್ಳುತ್ತಾರೆ. "ನೋಡಿದ್ರೆ, ನಗು ದಿನಕ್ಕೆ ಬೇಕಾದಷ್ಟು ಸಲ ಬರುತ್ತೆ."